ಬನವಾಸಿಯ ಮಾಸ್ತರರು: ಶ್ರೀ ಹರ್ಡೇಕರ ಮಂಜಪ್ಪನವರು

ಆಶ್ವಯುಜ ಮಾಸವು ಕಾಲಿಟ್ಟಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮುಗಿಲು ತಿಳಿಯಾಗುತ್ತದೆ. ಜ್ಯೇಷ್ಠದಿಂದ ಹಿಡಿದ ಮಳೆ ಹಿಮ್ಮೆಟ್ಟಿ, ಗದ್ದೆಗಳಲ್ಲಿ ಭತ್ತ ಹೊಡೆಯೊಡೆದು, ತೋಟಗಳಲ್ಲಿ ಅಡಿಕೆಯ ಕೊನೆಗಳು ಬಣ್ಣ ತಿರುಗತೊಡಗುತ್ತವೆ. ಮಹಾನವಮಿ, ಭೂಮಿ ಹುಣ್ಣಿಮೆ, ದೊಡ್ಡಹಬ್ಬಗಳು ಒಂದರ ಬೆನ್ನಿಗೆ ಒಂದು ಬರುವ ಈ ಶರದೃತುವಿನಲ್ಲಿಯೇ ನಮ್ಮ ಶ್ರೀಮಠದ ಶಾಲೆಯ ಪಾಲಕರ ಕೂಟವೂ ನಡೆಯುವುದು ಬಹುಕಾಲದ ವಾಡಿಕೆಯಾಗಿದೆ. ಒಂದು ಮನೆಯಿಂದ ಎರಡು ತೆಂಗಿನಕಾಯಿ, ಮತ್ತೊಂದು ಮನೆಯಿಂದ ಒಂದು ಸೇರು ಅಕ್ಕಿ, ಏನನ್ನೂ ಕೊಡಲಾಗದ ಮನೆಯಿಂದ ಮಳೆಗಾಲದಲ್ಲಿ ಹುಲ್ಲೆದ್ದ ಶಾಲೆಯ ಅಂಗಳವನ್ನು ಕೆತ್ತಲು ಎರಡು ಕೈಗಳು. ಅಂದಿನ ಅಡುಗೆ ತಾಯಂದಿರದು. ಬಡಿಸುವುದು ಹಳೆಯ ವಿದ್ಯಾರ್ಥಿಗಳ ಪಾಲು. ಈಚೆಗೆ ಈ ಪದ್ಧತಿಯನ್ನು ಕೈಬಿಟ್ಟು, ಪ್ರತಿ ಮನೆಯಿಂದಲೂ ಇಂತಿಷ್ಟು ಹಣವನ್ನು ತೆಗೆದುಕೊಂಡು ಎಲ್ಲವನ್ನೂ ಗುತ್ತಿಗೆಗೆ ಕೊಡುವುದು ಅನುಕೂಲವಲ್ಲವೇ ಎಂಬ ವಿಚಾರವು ವ್ಯವಸ್ಥಾಪಕ ಸಮಿತಿಯ ಮುಂದೆ ಬಂದಿದೆ. ಅನುಕೂಲವೇನೋ ಹೌದು. ಅದರ ಸಾಧಕಬಾಧಕಗಳನ್ನು ಹಿರಿಯರು ವಿಚಾರಿಸುತ್ತಾರೆ. ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಈ ಪ್ರಶ್ನೆಯು ಮನಸ್ಸಿನಲ್ಲಿ ಇದ್ದುದರಿಂದಲೇ ನನಗೆ ಹರ್ಡೇಕರ ಮಂಜಪ್ಪನವರ ನೆನಪಾಯಿತು.

ಕರ್ನಾಟಕದ ಗಾಂಧಿ ಎಂಬ ಬಿರುದಿನಿಂದ ನಾಡು ಅವರನ್ನು ಅರಿತಿದೆ. ಆದರೆ ಅವರು ನಮ್ಮ ಶಿರಸಿ ತಾಲೂಕಿನವರೇ ಎಂಬುದೂ, ಇದೇ ಶಿರಸಿಯಲ್ಲಿ ತಿಂಗಳಿಗೆ 7 ರೂಪಾಯಿ ಸಂಬಳದ ಕನ್ನಡ ಶಾಲೆಯ ಮಾಸ್ತರರಾಗಿದ್ದರೆಂಬುದೂ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಸೇವಾದಳವನ್ನು ಕಟ್ಟಿದ ಬೇರೊಬ್ಬ ಮಹಾಪುರುಷರು. ಹೆಸರಿನ ಸಾದೃಶ್ಯದಿಂದ ಭಾಷಣಕಾರರು ಈ ಇಬ್ಬರನ್ನೂ ಒಬ್ಬರೆಂದೇ ತಿಳಿದು, ಒಬ್ಬರ ಕಾರ್ಯವನ್ನು ಇನ್ನೊಬ್ಬರ ತಲೆಗೆ ಕಟ್ಟುವುದನ್ನು ನಾನು ಸಭೆಗಳಲ್ಲಿ ಕೇಳಿದ್ದೇನೆ. ಇಬ್ಬರೂ ಪೂಜ್ಯರೇ, ಆದರೂ ಇಬ್ಬರು ಇಬ್ಬರೇ.

ಮಂಜಪ್ಪನವರು ಹುಟ್ಟಿದ್ದು 1886ನೆಯ ಇಸವಿ ಫೆಬ್ರುವರಿ 18ರಂದು, ಬನವಾಸಿಯಲ್ಲಿ, ಒಂದು ಬಡ ಲಿಂಗವಂತ ಕುಟುಂಬದಲ್ಲಿ. ಕದಂಬರ ರಾಜಧಾನಿಯಾಗಿ ಮೆರೆದು, ಆದಿಕವಿ ಪಂಪನ ಹಂಬಲಕ್ಕೆ ವಿಷಯವಾದ ಊರು ಅಂದಿಗಾಗಲೇ ವರದೆಯ ದಂಡೆಯ ಮೇಲಿನ ಒಂದು ಸಾಮಾನ್ಯ ಹಳ್ಳಿಯಾಗಿ ಉಳಿದಿತ್ತು. ಮಧುಕೇಶ್ವರನ ಗುಡಿಯೊಂದು ಹಳೆಯ ವೈಭವಕ್ಕೆ ಸಾಕ್ಷಿಯಾಗಿ ನಿಂತಿತ್ತು. ಮಂಜಪ್ಪನವರ ಅಣ್ಣನವರಿಗೆ ಮಧುಲಿಂಗಪ್ಪನೆಂದು ಹೆಸರು. ಊರ ದೇವರ ನೆರಳು ಆ ಹೆಸರಿನ ಮೇಲೆ ಬಿದ್ದಿರುವಂತೆ ಕಾಣುತ್ತದೆ. ಬನವಾಸಿಯು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಗಡಿಯಲ್ಲಿರುವ ಊರು. ಶಿರಸಿಯ ಪಡುವಣದ ಅಘನಾಶಿನಿ, ಶಾಲ್ಮಲೆಗಳು ಘಟ್ಟವಿಳಿದು ಪಶ್ಚಿಮ ಸಮುದ್ರವನ್ನು ಸೇರಿದರೆ, ಬನವಾಸಿಯ ವರದೆ ಮೂಡಣಕ್ಕೆ ಹರಿದು ತುಂಗಭದ್ರೆಯನ್ನು ಕೂಡುತ್ತದೆ. ಮಂಜಪ್ಪನವರ ಬಾಳಿನ ಹರಿವೂ ಮೂಡಣಕ್ಕೇ ಆಯಿತು.

ಅವರ ಬಾಲ್ಯಕಾಲದ ವಿದ್ಯಾಭ್ಯಾಸದ ಸ್ಥಿತಿಯನ್ನು ತಿಳಿಯದೆ ಅವರ ಮುಂದಿನ ಸಾಹಸದ ಬೆಲೆ ತಿಳಿಯದು. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಇಲಾಖೆಗೆ ಸೇರಿತ್ತು. ಮುಂಬಯಿ ಕರ್ನಾಟಕದಲ್ಲಿ ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳಿಗೆ ನೆಲೆಯನ್ನು ದೊರಕಿಸಿಕೊಟ್ಟ ಡೆಪ್ಯುಟಿ ಚನ್ನಬಸಪ್ಪನವರು 1881ರಲ್ಲಿಯೇ ತೀರಿಕೊಂಡಿದ್ದರು. ಅವರ ಶ್ರಮದ ಫಲವಾಗಿ ಹಳ್ಳಿಹಳ್ಳಿಗಳಲ್ಲಿ ಸರಕಾರದ ಕನ್ನಡ ಶಾಲೆಗಳು ತಲೆಯೆತ್ತುತ್ತಿದ್ದವು. ಅವುಗಳ ಪಕ್ಕದಲ್ಲಿಯೇ ಹಳೆಯ ಐಗಳ ಮಠಗಳೂ ಇನ್ನೂ ಉಸಿರಾಡುತ್ತಿದ್ದವು. ಅಯ್ಯಗಳು ಎಂಬ ಶಬ್ದವೇ ಸವೆದು ಐಗಳು ಆದದ್ದು. ಜಂಗಮರಾಗಲಿ ಬೇರೆ ಓದುಬಲ್ಲವರಾಗಲಿ, ಒಂದು ಜಗುಲಿಯಲ್ಲಿಯೋ ಗುಡಿಯ ಪೌಳಿಯಲ್ಲಿಯೋ ಹತ್ತಿಪ್ಪತ್ತು ಹುಡುಗರನ್ನು ಕೂಡಿಸಿಕೊಂಡು, ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿ, ಕಡತದ ಮೇಲೆ ಬಳಪದಿಂದ ಬರೆಯಿಸಿ, ಮಗ್ಗಿ, ಅಮರಕೋಶ, ಪುರಾಣಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಬೆತ್ತದ ಪ್ರಯೋಗವೂ ಧಾರಾಳವಾಗಿತ್ತು. ಹಳೆಯದೆಲ್ಲ ಹೊನ್ನೆಂದು ಹೇಳುವ ಚಪಲ ನನಗಿಲ್ಲ.

ಆದರೆ ಆ ಐಗಳ ಮಠಕ್ಕೆ ಸರಕಾರದ ಸಂಬಳವಿರಲಿಲ್ಲ. ಅದನ್ನು ಸಾಕುತ್ತಿದ್ದುದು ಮನೆಗಳು. ಸಾಕುವ ಆ ಸಂಬಂಧವು ವರ್ಷಕ್ಕೊಮ್ಮೆ ಕಣ್ಣಿಗೆ ಕಾಣುವಂತೆ ಪ್ರಕಟವಾಗುತ್ತಿದ್ದ ಕಾಲವೇ ಮಹಾನವಮಿ. ಹುಡುಗರು ಮಡಿಬಟ್ಟೆಯುಟ್ಟು, ಐಗಳನ್ನು ಮುಂದೆ ಮಾಡಿಕೊಂಡು, ಮನೆಮನೆಯ ಬಾಗಿಲಿಗೆ ಹೋಗಿ, ಕಲಿತ ಪದಗಳನ್ನು ಹಾಡಿ, ಆ ಮನೆಗೆ ಮಳೆಬೆಳೆ, ಮಕ್ಕಳು, ಹಾಲುಹೈನುಗಳ ಸಮೃದ್ಧಿಯನ್ನು ಹರಸುತ್ತಿದ್ದರು. ಘಟ್ಟದ ಮೇಲೆ ಕೆಲವು ಕಡೆ ಇದಕ್ಕೆ ಮಹಾನವಮಿಯ ಚೌಪದವೆಂದೂ, ತೆಂಕಣ ಕರಾವಳಿಯಲ್ಲಿ ಹುಡುಗರ ಕೈಯಲ್ಲಿ ಹೂವಿನಿಂದ ಸಿಂಗರಿಸಿದ ಕೋಲುಗಳಿರುತ್ತಿದ್ದುದರಿಂದ ಹೂವಿನಕೋಲೆಂದೂ ಹೆಸರು. ಮನೆಯವರು ಅಕ್ಕಿ, ಕಾಯಿ, ಬೆಲ್ಲ, ಬಿಡಿಕಾಸುಗಳನ್ನು ಕೊಡುತ್ತಿದ್ದರು. ಅದರಲ್ಲಿ ಹೆಚ್ಚಿನದು ಐಗಳಿಗೆ ವರ್ಷದ ಜೀವನಕ್ಕಾಗುತ್ತಿತ್ತು. ಇದನ್ನು ಬೇಡುವಿಕೆಯೆಂದು ಯಾರೂ ಭಾವಿಸುತ್ತಿರಲಿಲ್ಲ. ಮಗನು ಎಷ್ಟು ಕಲಿತಿದ್ದಾನೆಂಬುದನ್ನು ತಾಯಿಯು ಹೊಸ್ತಿಲಲ್ಲಿ ನಿಂತು ತನ್ನ ಕಿವಿಯಿಂದಲೇ ಕೇಳಿ ತಿಳಿಯುತ್ತಿದ್ದಳು. ನನ್ನ ಅಜ್ಜನವರು ಹುಡುಗತನದಲ್ಲಿ ಹೀಗೆ ಹಾಡಿ ಬಂದವರು. ತಮ್ಮ ಎಂಬತ್ತರ ವಯಸ್ಸಿನಲ್ಲಿಯೂ, ಯಾವ ಮನೆಯಲ್ಲಿ ಬೆಲ್ಲದ ಅಚ್ಚು ದೊಡ್ಡದಾಗಿತ್ತು ಎಂಬುದನ್ನು ಮರೆತಿರಲಿಲ್ಲ.

ಸರಕಾರದ ಶಾಲೆಗಳು ಬಂದು ಮಾಸ್ತರರಿಗೆ ತಿಂಗಳ ಸಂಬಳ ಗೊತ್ತಾದಂತೆ ಈ ವಾಡಿಕೆಯು ತಾನಾಗಿ ಸೊರಗಿತು. ಮಾಸ್ತರರ ದೈನ್ಯ ತಪ್ಪಿದ್ದು ಒಳ್ಳೆಯದೇ ಆಯಿತು. ಶಾಲೆಯು ಮನೆಯ ಹೊಸ್ತಿಲಿಗೆ ಬರುವುದೂ ಅದರೊಡನೆಯೇ ನಿಂತಿತು.

ಮಂಜಪ್ಪನವರು ಈ ಎರಡು ಯುಗಗಳ ಸಂಧಿಯಲ್ಲಿ ಬೆಳೆದವರು. ಬಡತನದಲ್ಲಿಯೇ ಓದಿ 1903ರಲ್ಲಿ ಮುಲ್ಕಿ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಅಂದಿನ ದಿನಗಳಲ್ಲಿ ಮುಲ್ಕಿಯೆಂದರೆ ಬಡವರ ಮನೆಯ ಹುಡುಗನಿಗೆ ಸರಕಾರದ ಬಾಗಿಲನ್ನು ತೆರೆಯುವ ಕೀಲಿಕೈ. ಅದು ಕೈಗೆ ಬಂದರೆ ಮಾಸ್ತರಿಕೆಯೋ ತಲಾಟಿತನವೋ ಸಿಕ್ಕೀತೆಂಬ ಭರವಸೆ. ಮಂಜಪ್ಪನವರಿಗೆ ಶಿರಸಿಯ ಶಾಲೆಯಲ್ಲಿ ಉಪಾಧ್ಯಾಯರ ಕೆಲಸ ದೊರೆಯಿತು. ಸಂಬಳ 7 ರೂಪಾಯಿ. ವಯಸ್ಸು ಹದಿನೇಳು ಹದಿನೆಂಟು. ಮನೆಯವರಿಗೆ ಅದು ಎಂಥ ಆಸರೆಯಾಗಿದ್ದೀತೆಂಬುದನ್ನು ಬಡ ಮನೆಯಿಂದ ಬಂದು ಮಾಸ್ತರರಾದ ನಮ್ಮಂಥವರು ಊಹಿಸಬಲ್ಲೆವು.

ಹೀಗಿರಲು 1905ರ ಅಕ್ಟೋಬರದಲ್ಲಿ ಬಂಗಾಲದ ವಿಭಜನೆಯಾಯಿತು. ಅದರ ಕಾವು ಎಲ್ಲಿಯ ಕಲಕತ್ತೆ, ಎಲ್ಲಿಯ ಶಿರಸಿ ಎನ್ನದೆ ಹಬ್ಬಿತು. ಸ್ವದೇಶೀ ವ್ರತ, ಪರದೇಶೀ ವಸ್ತುಗಳ ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣವೆಂಬ ಮಾತುಗಳು ಪತ್ರಿಕೆಗಳ ಮೂಲಕ ಘಟ್ಟದ ಈ ಮೂಲೆಗೂ ತಲುಪಿದವು. ಸರಕಾರದ ಅನ್ನವನ್ನು ಉಣ್ಣುತ್ತ ಸರಕಾರದ ನೀತಿಯನ್ನು ವಿರೋಧಿಸುವುದು ಹೇಗೆಂಬ ಪ್ರಶ್ನೆಯು ಈ ತರುಣ ಮಾಸ್ತರರನ್ನು ಕಾಡಿತು. 1906ರಲ್ಲಿ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಇಪ್ಪತ್ತು ವರ್ಷದ ಹುಡುಗ, ಬೆನ್ನ ಹಿಂದೆ ಆಸ್ತಿಯಿಲ್ಲ, ಮುಂದೆ ಉದ್ಯೋಗವಿಲ್ಲ. ಇಂಥ ಸಂದರ್ಭದಲ್ಲಿ ಮನೆಯವರು ಅಡ್ಡ ನಿಲ್ಲುವುದೇ ಲೋಕರೂಢಿ. ಇಲ್ಲಿ ಹಾಗಾಗಲಿಲ್ಲ. ಅಣ್ಣ ಮಧುಲಿಂಗಪ್ಪನವರು ತಮ್ಮನ ಜೊತೆಗೆ ನಿಂತರು. ಆ ಅಣ್ಣನವರು ಬೆನ್ನಿಗಿರದಿದ್ದರೆ ಕರ್ನಾಟಕದ ಗಾಂಧಿ ಎಂಬ ಹೆಸರು ಹುಟ್ಟುತ್ತಿತ್ತೇ ಎಂದು ನನಗೆ ಸಂಶಯ. ಮಹಾಪುರುಷರ ಚರಿತ್ರೆಗಳನ್ನು ಬರೆಯುವ ನಾವು ಇಂಥ ಅಣ್ಣಂದಿರನ್ನು ಒಂದು ವಾಕ್ಯದಲ್ಲಿ ದಾಟಿಹೋಗುತ್ತೇವೆ. ನಾನೂ ಅದಕ್ಕಿಂತ ಹೆಚ್ಚು ಮಾಡಲಾರದೆ ಹೋಗಿದ್ದೇನೆ.

ಅಣ್ಣತಮ್ಮಂದಿರು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ದಾವಣಗೆರೆಗೆ ಹೋಗಿ, ಅದೇ 1906ರಲ್ಲಿ ‘ಧನುರ್ಧಾರಿ’ ಎಂಬ ಕನ್ನಡ ವಾರಪತ್ರಿಕೆಯನ್ನು ಹೊರಡಿಸಿದರು. ಲೋಕಮಾನ್ಯ ತಿಲಕರ ಮರಾಠಿ ‘ಕೇಸರಿ’ಯ ವಿಚಾರಗಳನ್ನು ಕನ್ನಡದ ಓದುಗರಿಗೆ ಮುಟ್ಟಿಸುವುದು ಅದರ ಒಂದು ಮುಖ್ಯ ಕೆಲಸವಾಗಿತ್ತು. 1908ರಲ್ಲಿ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ ಅವರನ್ನು ಮಂಡಾಲೆಗೆ ಸಾಗಿಸಿದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿಯೂ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆ ಬಂದಿತು. ಆ ಕಷ್ಟಪರಂಪರೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಪತ್ರಿಕೋದ್ಯಮದ ಚರಿತ್ರಕಾರರು ಅದನ್ನು ಬರೆಯುತ್ತಾರೆ. ನಮ್ಮ ಪ್ರಕೃತಕ್ಕೆ ಬೇಕಾದುದು ತಿಲಕರಿಂದ ಮಂಜಪ್ಪನವರು ಕಲಿತ ಇನ್ನೊಂದು ಪಾಠ. ಮನೆಯೊಳಗೆ ಸದ್ದಿಲ್ಲದೆ ನಡೆಯುತ್ತಿದ್ದ ಭಾದ್ರಪದದ ಗಣೇಶ ಪೂಜೆಯನ್ನು ತಿಲಕರು 1893ರಿಂದ ಊರಿನ ಹಬ್ಬವನ್ನಾಗಿ ಮಾಡಿ, ಬೇರೆಬೇರೆಯಾಗಿ ಬಾಳುತ್ತಿದ್ದ ಮನೆಗಳನ್ನು ಒಂದು ಚಪ್ಪರದ ಕೆಳಗೆ ತಂದಿದ್ದರು. ಹಬ್ಬವೆಂಬುದು ಜನರನ್ನು ಕೂಡಿಸಿ ಕಲಿಸುವ ಒಂದು ಶಾಲೆಯಾಗಬಲ್ಲದೆಂಬುದು ಶಾಲೆಯನ್ನು ಬಿಟ್ಟು ಬಂದ ಈ ಮಾಸ್ತರರಿಗೆ ಹೊಳೆಯಿತು.

ಅದರ ಫಲವೇ ಬಸವ ಜಯಂತಿ. ದಾವಣಗೆರೆಯ ವಿರಕ್ತಮಠದ ಶ್ರೀ ಮೃತ್ಯುಂಜಯ ಸ್ವಾಮಿಗಳ ಆಶ್ರಯದಲ್ಲಿ ಮಂಜಪ್ಪನವರು 1913ರಲ್ಲಿ ಬಸವೇಶ್ವರರ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಯನ್ನು ತೊಡಗಿದರು. ವೈಶಾಖ ಶುದ್ಧ ತದಿಗೆಯ ದಿನ ಇಂದು ನಾಡಿನ ಊರೂರುಗಳಲ್ಲಿ ನಡೆಯುವ ಉತ್ಸವದ ಮೂಲ ಅಲ್ಲಿದೆ. 2024ರಲ್ಲಿ ಕರ್ನಾಟಕ ಸರಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದಾಗ, ಮೊದಲನೆಯ ಜಯಂತಿಯ ಚಪ್ಪರ ಹಾಕಿಸಿದ ಬನವಾಸಿಯ ಮಾಸ್ತರರನ್ನು ಎಷ್ಟು ಜನ ನೆನೆದರೋ ಕಾಣೆ. ಆ 1913ರ ಹೊತ್ತಿಗೆ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ಇನ್ನೂ ಅಚ್ಚಾಗಿರಲಿಲ್ಲ, ಅದು ಬಂದದ್ದು 1923ರಲ್ಲಿ. ವಚನಗಳು ತಾಡೋಲೆಯ ಕಟ್ಟುಗಳಲ್ಲಿ ಮಠಗಳ, ಮನೆಗಳ ಜಗುಲಿ ಮೂಲೆಗಳಲ್ಲಿದ್ದವು. ಅಂಥ ಕಾಲದಲ್ಲಿ ಬಸವಣ್ಣನವರನ್ನು ಪುರಾಣದ ಪವಾಡಪುರುಷರೆಂದಷ್ಟೇ ಅಲ್ಲದೆ, ಕಾಯಕ, ದಾಸೋಹ, ಸಮಾನತೆಗಳ ಆಚಾರ್ಯರೆಂದು ಜನಸಾಮಾನ್ಯರಿಗೆ ತಿಳಿಸಿದ ಶ್ರೇಯಸ್ಸಿನಲ್ಲಿ ಇವರಿಗೆ ದೊಡ್ಡ ಪಾಲಿದೆ.

ಯೌವನದಲ್ಲಿಯೇ ಅವರು ಆಜನ್ಮ ಬ್ರಹ್ಮಚರ್ಯದ ಪ್ರತಿಜ್ಞೆಯನ್ನು ಮಾಡಿದ್ದರು. ಸ್ವಂತ ಮನೆಯನ್ನು ಕಟ್ಟಲಿಲ್ಲ. ಊರವರ ಮನೆಗಳೇ ಅವರ ಮನೆಗಳಾದವು. ಗಾಂಧೀಜಿಯವರು ದಕ್ಷಿಣ ಆಫ್ರಿಕೆಯಿಂದ ಮರಳಿ ಬಂದ ಮೇಲೆ ಮಂಜಪ್ಪನವರ ಮನಸ್ಸು ಸಹಜವಾಗಿ ಆ ಕಡೆಗೆ ತಿರುಗಿತು. ಬೆವರು ಸುರಿಸದೆ ಉಣ್ಣಬಾರದೆಂಬ ಗಾಂಧೀತತ್ತ್ವದಲ್ಲಿ ಅವರು ಕಂಡದ್ದು ಕಲ್ಯಾಣದ ಕಾಯಕವನ್ನೇ. ಹನ್ನೆರಡನೆಯ ಶತಮಾನದ ಮಾತು ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ಬಾಯಿಂದ ಬಂದಂತೆ ಅವರಿಗೆ ತೋರಿತು. ಬಸವಣ್ಣನವರನ್ನೂ ಗಾಂಧೀಜಿಯವರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಇಂದು ಸವೆದ ಮಾತಾಗಿದೆ. ಮಂಜಪ್ಪನವರು ಹೇಳಿದಾಗ ಅದು ಹೊಸದಾಗಿತ್ತು. ಅದನ್ನು ಅವರು ಮೈಯಲ್ಲಿ ದುಡಿದು ಹೇಳಿದರೆಂಬುದು ಮುಖ್ಯ. ಹರಿಹರದ ಬಳಿ ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮವನ್ನು ಕಟ್ಟಿದರು. ನೂಲು, ಪ್ರಾರ್ಥನೆ, ಸತ್ಯಾಗ್ರಹದ ಶಿಕ್ಷಣ ಅಲ್ಲಿಯ ದಿನಚರಿಯಾಗಿತ್ತು. 1924ರ ಡಿಸೆಂಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ನಡೆದು ಕನ್ನಡನಾಡೆಲ್ಲ ಎಚ್ಚತ್ತ ಕಾಲವದು.

ಇನ್ನು ಆಲಮಟ್ಟಿಯ ವಿಷಯ. 1927ರಲ್ಲಿ ಮಂಜಪ್ಪನವರು ಅಂದಿನ ಬಿಜಾಪುರ ಜಿಲ್ಲೆಯ ಆಲಮಟ್ಟಿಯಲ್ಲಿ ಕೃಷ್ಣಾನದಿಯ ತೀರದಲ್ಲಿ ಒಂದು ವಿದ್ಯಾಲಯವನ್ನು ತೆರೆದರು. ವರದೆಯ ತಡಿಯಲ್ಲಿ ಹುಟ್ಟಿ, ತುಂಗಭದ್ರೆಯ ತಡಿಯಲ್ಲಿ ಆಶ್ರಮ ಕಟ್ಟಿ, ಕೃಷ್ಣೆಯ ತಡಿಗೆ ಬಂದು ನೆಲೆನಿಂತರು. ಸ್ಥಳದ ಆಯ್ಕೆಯು ಗಮನಿಸತಕ್ಕದ್ದು. ಒಂದು ಕಡೆಗೆ ಬಸವಣ್ಣನವರು ಹುಟ್ಟಿದ ಬಾಗೇವಾಡಿ, ಇನ್ನೊಂದು ಕಡೆಗೆ ನದಿಯ ಕೆಳಗೆ ಅವರು ಬೆಳೆದು, ಕೊನೆಗೆ ಲಿಂಗೈಕ್ಯರಾದ ಕೂಡಲಸಂಗಮ. ನಡುವೆ ಈ ಊರು. ಸುತ್ತಲೂ ಬಡ ಒಕ್ಕಲಿಗರ ಹಳ್ಳಿಗಳು. ಮಳೆ ಕೈಕೊಟ್ಟರೆ ಬರಗಾಲವೇ ಸರಿ ಎಂಬ ನಾಡು.

ಮಕ್ಕಳು ಅಲ್ಲಿಯೇ ಉಳಿದು ಓದುವ ಗುರುಕುಲದಂಥ ಶಾಲೆಯದು. ಪಾಠದಷ್ಟೇ ಕೈದುಡಿಮೆಗೂ ಬೆಲೆ. ಚರಕ, ಖಾದಿ, ಸರಳ ಊಟ, ಸಾಮೂಹಿಕ ಪ್ರಾರ್ಥನೆ. ಗಾಂಧೀಜಿಯವರ ಮೂಲಶಿಕ್ಷಣದ ಯೋಜನೆಯು ವಾರ್ಧಾದಲ್ಲಿ ರೂಪುಗೊಂಡದ್ದು 1937ರಲ್ಲಿ. ಅದಕ್ಕೆ ಹತ್ತು ವರ್ಷಗಳ ಮೊದಲೇ, ಶಿರಸಿಯಲ್ಲಿ ಮಗ್ಗಿ ಹೇಳಿಸಿದ್ದ ಒಬ್ಬ ಮಾಜಿ ಮಾಸ್ತರರು ಕೃಷ್ಣೆಯ ದಂಡೆಯಲ್ಲಿ ಅದನ್ನು ನಡೆಸಿ ನೋಡುತ್ತಿದ್ದರೆಂದರೆ ನಮ್ಮ ಜಿಲ್ಲೆಯವರಿಗೆ ಅಭಿಮಾನವೆನಿಸಬೇಕು.

ಇಲ್ಲಿ ಉಪಾಧ್ಯಾಯ ಬಂಧುಗಳೂ ದಾನಿಗಳೂ ಕೊಂಚ ನಿಂತು ವಿಚಾರಿಸಬೇಕಾದ ಒಂದು ಅಂಶವಿದೆ. 1854ರ ವುಡ್ಡನ ಶಿಕ್ಷಣ ನಿರೂಪದಿಂದ ಮೊದಲುಗೊಂಡು ಖಾಸಗಿ ಶಾಲೆಗಳಿಗೆ ಸರಕಾರದ ಅನುದಾನದ ವ್ಯವಸ್ಥೆಯಿತ್ತು. ಆದರೆ ಅನುದಾನ ಬಂದರೆ ಇನ್‍ಸ್ಪೆಕ್ಟರರೂ ಬರುತ್ತಾರೆ. ಪಠ್ಯ, ವೇಳಾಪತ್ರಿಕೆ, ಪ್ರಾರ್ಥನೆ ಎಲ್ಲವೂ ಸರಕಾರದ ಕಣ್ಣಳತೆಯಲ್ಲಿರಬೇಕು. ಅದನ್ನೊಲ್ಲದೆ ಸ್ವದೇಶೀ ಕಾಲದಲ್ಲಿಯೂ ಅಸಹಕಾರದ ಕಾಲದಲ್ಲಿಯೂ ದೇಶದ ತುಂಬ ರಾಷ್ಟ್ರೀಯ ಶಾಲೆಗಳು ಹುಟ್ಟಿದವು. ಅವುಗಳಲ್ಲಿ ಬಹುಪಾಲು ನಾಲ್ಕೈದು ವರ್ಷಗಳಲ್ಲಿ ಮುಚ್ಚಿಹೋದವು. ಕಾರಣವನ್ನು ದುಡ್ಡಿನ ಅಭಾವವೆಂದು ಹೇಳುವುದು ರೂಢಿ. ಅದು ಅರ್ಧ ಸತ್ಯ. ಅಂಥ ಶಾಲೆಯಲ್ಲಿ ಓದಿದ ಹುಡುಗನಿಗೆ ಸರಕಾರ ಒಪ್ಪುವ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದೆ ನೌಕರಿಯಿಲ್ಲ. ಅಲ್ಲಿಗೆ ಮಗನನ್ನು ಕಳುಹಿಸುವ ತಂದೆಯು ತನ್ನ ವೃದ್ಧಾಪ್ಯದ ಊರುಗೋಲನ್ನೇ ಪಣಕ್ಕಿಡುತ್ತಿದ್ದನು. ಉತ್ಸಾಹದ ಕಾಲದಲ್ಲಿ ಇಟ್ಟರು. ಉತ್ಸಾಹವಿಳಿದ ಮೇಲೆ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರನ್ನು ತಪ್ಪಿತಸ್ಥರೆನ್ನಲು ನನಗೆ ಬಾಯಿ ಬಾರದು. ಅನುದಾನವಿಲ್ಲದ ಶಾಲೆಯನ್ನು ಕೊನೆಗೂ ಎತ್ತಿ ಹಿಡಿಯುವುದು ಸುತ್ತಲಿನ ಮನೆಗಳ ಭರವಸೆ. ಅದು ಸಡಿಲಿದ ದಿನ ಕಟ್ಟಡವಿದ್ದರೂ ಶಾಲೆಯಿರುವುದಿಲ್ಲ.

ಮಂಜಪ್ಪನವರು ಈ ಗುಟ್ಟನ್ನು ಬಲ್ಲವರಾಗಿದ್ದರೆಂದು ಅವರ ಬಾಳಿನ ರೀತಿಯೇ ಹೇಳುತ್ತದೆ. ಬರೆಯುವುದು, ತಿರುಗುವುದು, ಭಾಷಣ ಮಾಡುವುದು, ಮತ್ತೆ ಬಂದು ಮಕ್ಕಳೊಡನೆ ನೂಲುವುದು. ಲೋಕಶಿಕ್ಷಣಕ್ಕಾಗಿ ಚಿಕ್ಕಚಿಕ್ಕ ಪುಸ್ತಕಗಳನ್ನು ಹಲವು ಹತ್ತು ಸಂಖ್ಯೆಯಲ್ಲಿ ಬರೆದರು; ಓದುಬರಹ ಅಷ್ಟಕ್ಕಷ್ಟೇ ಬಲ್ಲ ಗೃಹಸ್ಥನಿಗೂ ಅರ್ಥವಾಗುವಂಥ ತಿಳಿಗನ್ನಡದಲ್ಲಿ ಬರೆದರು. ಪಂಡಿತಪರಂಪರೆಯಲ್ಲಿ ಬೆಳೆದ ನನ್ನಂಥವನಿಗೆ ಆ ಗದ್ಯವು ಮೊದಮೊದಲು ತೀರ ಸಾದಾ ಎನಿಸುತ್ತಿತ್ತು. ಹತ್ತು ಸಮಾಸಗಳನ್ನು ಹೆಣೆಯುವುದಕ್ಕಿಂತ ಒಂದು ಸಾದಾ ವಾಕ್ಯವನ್ನು ಬರೆಯುವುದು ಕಷ್ಟವೆಂದು ತಿಳಿಯಲು ನನಗೆ ಮೂವತ್ತು ವರ್ಷಗಳ ಪಾಠಪ್ರವಚನ ಬೇಕಾಯಿತು.

ಆಲಮಟ್ಟಿಯ ಶರತ್ಕಾಲವು ನಮ್ಮ ಮಲೆನಾಡಿನ ಶರತ್ಕಾಲದಂತಲ್ಲ. ನಮ್ಮಲ್ಲಿ ಆಶ್ವಯುಜದ ಹುಣ್ಣಿಮೆಯೆಂದರೆ ಭೂಮಿ ಹುಣ್ಣಿಮೆ. ಹೊಡೆ ತುಂಬಿದ ಭತ್ತದ ಗದ್ದೆಯನ್ನು ಬಸುರಿಯೆಂದು ಭಾವಿಸಿ, ಬಯಕೆಯ ಅಡುಗೆ ಮಾಡಿ, ನಸುಕಿನಲ್ಲಿ ಗದ್ದೆಗೆ ಒಯ್ದು ಬಡಿಸುತ್ತೇವೆ. ಅಲ್ಲಿ ಅದೇ ಹುಣ್ಣಿಮೆ ಸೀಗಿ ಹುಣ್ಣಿಮೆ. ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತಿಗೆಯ ಕಾಲ. ಮಹಾನವಮಿಯಲ್ಲಿ ಬನ್ನಿಯ ಎಲೆಯನ್ನು ಬಂಗಾರವೆಂದು ಕೊಟ್ಟು, ಕಿರಿಯರು ಹಿರಿಯರ ಕಾಲಿಗೆರಗಿ, ವರ್ಷದ ಮನಸ್ತಾಪಗಳನ್ನು ಮರೆಯುವುದು ಆ ಸೀಮೆಯ ದೊಡ್ಡ ಸಂಪ್ರದಾಯ. ಬಿತ್ತಿಗೆಯ ಕಾಲದಲ್ಲಿ ಒಕ್ಕಲಿಗನ ಮನೆಗೆ ಮಕ್ಕಳ ಕೈಯೂ ಬೇಕು. ಅಂಥ ಮನೆಗಳ ಮಕ್ಕಳಿಗೆ ದುಡಿಮೆಯನ್ನೇ ಪಾಠದ ಅಂಗವನ್ನಾಗಿ ಮಾಡಿದ ಶಾಲೆಯೊಂದು ಪರಕೀಯವಾಗಿ ಕಾಣಲಾರದು. ಬನವಾಸಿಯ ಗಡಿಯಲ್ಲಿ ಗದ್ದೆಯನ್ನೂ ಹೊಲವನ್ನೂ ಕಂಡು ಬೆಳೆದ ಮಂಜಪ್ಪನವರಿಗೆ ಇದು ಯಾವ ಶಿಕ್ಷಣಶಾಸ್ತ್ರದ ಗ್ರಂಥದಿಂದಲೂ ತಿಳಿಯಬೇಕಾಗಿರಲಿಲ್ಲ.

ಇತ್ತ ಅವರ ಹುಟ್ಟುನಾಡಿನಲ್ಲಿ ಇದೇ ಕಾಲಕ್ಕೆ ಏನು ನಡೆಯುತ್ತಿತ್ತೆಂಬುದನ್ನೂ ನೆನೆಯಬೇಕು. 1930ರ ನಂತರದ ಎರಡು ಮೂರು ವರ್ಷಗಳಲ್ಲಿ ಸಿದ್ದಾಪುರ, ಅಂಕೋಲೆ ತಾಲೂಕುಗಳ ರೈತರು ಕರನಿರಾಕರಣೆಯನ್ನು ಕೈಕೊಂಡು, ಗದ್ದೆ, ತೋಟ, ಪಾತ್ರೆಪದಾರ್ಥಗಳನ್ನು ಜಪ್ತಿಗೆ ಒಪ್ಪಿಸಿದರು. ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳೇ ಸತ್ಯಾಗ್ರಹಕ್ಕೆ ಕುಳಿತರು. ಅವರ ಸ್ಮಾರಕವು ಇಂದಿಗೂ ಅಲ್ಲಿದೆ. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆಯೇ ಜಪ್ತಾದ ಜಮೀನುಗಳು ಒಡೆಯರಿಗೆ ಮರಳುವ ದಾರಿಯಾದುದು. ಇದನ್ನು ಇಲ್ಲಿ ಹೇಳಿದ್ದು ವಿಷಯಾಂತರಕ್ಕಾಗಿ ಅಲ್ಲ. ಒಂದು ಕಾರ್ಯಕ್ಕಾಗಿ ಮನೆಯ ಗಂಡಸೊಬ್ಬನು ಹೊರಟರೆ ಅದು ಚಳವಳಿ. ಮನೆಗೆ ಮನೆಯೇ ಹೊರಟರೆ ಅದರ ಬಲ ಬೇರೆ. ನಮ್ಮ ಈ ಮೂರು ತಾಲೂಕುಗಳ ಮನೆಗಳಿಗೆ ಅಂಥ ಅಭ್ಯಾಸ ಹಿಂದೊಮ್ಮೆ ಇತ್ತು.

ಮಂಜಪ್ಪನವರ ವಿಷಯದಲ್ಲಿ ನನಗೆ ಒಂದು ಕೊರತೆಯೂ ಕಾಣದೆ ಇಲ್ಲ. ವ್ರತಸ್ಥರಾದ ಮಹಾತ್ಮರು ಕಟ್ಟಿದ ಸಂಸ್ಥೆಗಳು ಅವರ ಉಸಿರಿನ ಮೇಲೆಯೇ ನಿಂತಿರುತ್ತವೆ. ಅವರ ನಿಷ್ಠೆಯ ಅಳತೆಗೆ ಉಳಿದವರು ಏರಲಾರರು; ಏರಲಾರದವರು ಮೆಲ್ಲನೆ ದೂರ ಸರಿಯುತ್ತಾರೆ. ನಾಡಿನ ಎಷ್ಟೋ ಆಶ್ರಮಗಳ ಕಥೆ ಇದೇ. ಗೃಹಸ್ಥರ ಸಾಮಾನ್ಯ ದೌರ್ಬಲ್ಯಗಳಿಗೂ ಸ್ಥಳವಿಟ್ಟು ಕಟ್ಟಿದ ಶಾಲೆ ಹೆಚ್ಚು ಕಾಲ ಬಾಳುತ್ತದೆಂದು ನನ್ನ ಅನುಭವ. ಹೀಗೆ ಹೇಳುವಾಗ ಅವರ ಪಾದಧೂಳಿಗೂ ನಾನು ಸಮನಲ್ಲವೆಂಬ ಅರಿವು ನನಗಿದೆ.

1947ರ ಜನವರಿ 3ರಂದು ಮಂಜಪ್ಪನವರು ತೀರಿಕೊಂಡರು. ಅರುವತ್ತೊಂದು ತುಂಬಿರಲಿಲ್ಲ. ಇನ್ನು ಏಳೆಂಟು ತಿಂಗಳು ಬದುಕಿದ್ದರೆ, ಯಾವುದಕ್ಕಾಗಿ 7 ರೂಪಾಯಿಯ ನೌಕರಿಯನ್ನು ಬಿಟ್ಟರೋ ಆ ಸ್ವಾತಂತ್ರ್ಯವನ್ನು ಕಣ್ಣಾರೆ ಕಾಣುತ್ತಿದ್ದರು. ಆಲಮಟ್ಟಿಯ ಹೆಸರು ಇಂದು ಎಲ್ಲರ ಬಾಯಲ್ಲಿರುವುದು ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನಿಂದ. 1964ರಲ್ಲಿ ಅಡಿಗಲ್ಲು ಬಿದ್ದ ಆ ಅಣೆಕಟ್ಟನ್ನು ನೋಡಲು ನಮ್ಮ ಶಾಲೆಯ ಮಕ್ಕಳೂ ಪ್ರವಾಸ ಹೋಗಿಬಂದಿದ್ದಾರೆ. ಉದ್ಯಾನ, ಕಾರಂಜಿಗಳನ್ನು ನೋಡಿ ಹಿಗ್ಗಿದ್ದಾರೆ. ಮಂಜಪ್ಪನವರ ಹೆಸರನ್ನು ಹೊತ್ತ ವಿದ್ಯಾಸಂಸ್ಥೆಯೂ ಅದೇ ಊರಿನಲ್ಲಿದೆ. ಮುಂದಿನ ಪ್ರವಾಸದಲ್ಲಿ ಕಾರಂಜಿಗೆ ಮೊದಲು ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಬೇಕೆಂದು ಸಹೋದ್ಯೋಗಿಗಳಲ್ಲಿ ಈಗಲೇ ಬಿನ್ನವಿಸುತ್ತೇನೆ.

ನಮ್ಮ ಶಾಲೆಯ ಮಾತಿಗೆ ಮರಳುತ್ತೇನೆ. ದೊಡ್ಡಹಬ್ಬ ಕಳೆಯಿತೆಂದರೆ ಕೊನೆಕೊಯ್ಲು ತೊಡಗುತ್ತದೆ. ಕೊನೆಗೌಡನು ಮರದಿಂದ ಮರಕ್ಕೆ ತೂಗಿಕೊಂಡು ಕೊನೆಗಳನ್ನಿಳಿಸಿದರೆ, ರಾತ್ರಿ ಅಡಿಕೆ ಸುಲಿಯಲು ಮನೆಮಂದಿಯೆಲ್ಲ ಕೂಡುತ್ತಾರೆ, ನೆರೆಮನೆಯವರೂ ಬರುತ್ತಾರೆ. ಆ ದಿನಗಳಲ್ಲಿ ತರಗತಿಗಳಲ್ಲಿ ಬೆಂಚುಗಳು ಬರಿದಾಗುವುದುಂಟು. ನಾನು ಈ ಶಾಲೆಗೆ ಸೇರಿದ ಹೊಸತರಲ್ಲಿ, ಈಗ ಲಿಂಗೈಕ್ಯರಾಗಿರುವ ನಮ್ಮ ಹಿರಿಯ ಮಾಸ್ತರರೊಬ್ಬರು ಗೈರುಹಾಜರಿಯ ಚೀಟಿಯನ್ನು ಕಳುಹಿಸುವ ಬದಲು ತಾವೇ ಸಂಜೆ ಅಂಥ ಮನೆಗಳಿಗೆ ಹೋಗಿ, ಜಗುಲಿಯಲ್ಲಿ ಅಡಿಕೆ ಸುಲಿಯುತ್ತ ಮಕ್ಕಳಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಲಿಂಗವಂತರ ಮನೆ, ಹವ್ಯಕರ ಮನೆ, ನಾಮಧಾರಿಗಳ ಮನೆ ಎಂಬ ಭೇದ ಅವರಿಗಿರಲಿಲ್ಲ. ಅವರ ತರುವಾಯ ಆ ಪದ್ಧತಿ ನಿಂತುಹೋಗಿತ್ತು. ಈ ಲೇಖನಕ್ಕಾಗಿ ಮಂಜಪ್ಪನವರ ಚರಿತ್ರೆಯನ್ನು ಮತ್ತೆ ಓದುತ್ತಿದ್ದಾಗ ನನಗೆ ನಾಚಿಕೆಯಾಗಿ, ಕಳೆದ ಕಾರ್ತಿಕದಲ್ಲಿ ಏಳನೆಯ ಇಯತ್ತೆಯ ಒಬ್ಬ ಹುಡುಗಿಯ ಮನೆಗೆ ಹೋದೆ. ಅವಳ ಅಜ್ಜಿಯವರು ಮೊದಲು ಗಾಬರಿಯಾದರು. ಮಗು ಏನು ತಪ್ಪು ಮಾಡಿತೋ ಎಂದು ಕೇಳಿದರು. ಏನೂ ಇಲ್ಲ, ಪಾಠ ಕೇಳಲು ಬಂದೆನೆಂದೆ. ಅವರು ಕೊಂಚ ಹೊತ್ತು ನನ್ನ ಮುಖವನ್ನೇ ನೋಡಿ, ಕುಡಿಯಲು ಕಷಾಯ ತರಿಸಿ, ಪಕ್ಕದಲ್ಲಿದ್ದ ಒಂದು ಮೆಟ್ಟುಗತ್ತಿಯನ್ನು ನನ್ನತ್ತ ಸರಿಸಿದರು. ಅಂದು ನಾನು ಸುಲಿದದ್ದು ಅರ್ಧ ಬುಟ್ಟಿಗಿಂತ ಕಡಿಮೆ, ಅದೂ ಒರಟೊರಟಾಗಿ. ಹುಡುಗಿಯು ಮಾತ್ರ ಲೋಪ, ಆಗಮ, ಆದೇಶ ಸಂಧಿಗಳನ್ನು ಉದಾಹರಣೆಗಳ ಸಹಿತ ತಪ್ಪಿಲ್ಲದೆ ಒಪ್ಪಿಸಿದಳು.